ಆಗದ ಸಭೆಯ ನಡಾವಳಿ

ಬೆಳಿಗ್ಗೆ ಐದಕ್ಕೆ ಜೊತೆಗಾತಿಯ ಫೋನು ಬಂತು. ಎತ್ತಿದರೆ ಬರೀ ಉಸಿರಿನ ಸದ್ದು. ನಿಮಿಷದ ಮೇಲೆ ಮೆಸೇಜು: ಗಂಟಲು ಪೂರ್ತಿ ಕಟ್ಟಿಹೋಗಿದೆ, ಒಂದು ಅಕ್ಷರ ಹೊರಡುತ್ತಿಲ್ಲ, ಇವತ್ತು ನೀನೊಬ್ಬಳೇ ನಿಭಾಯಿಸು.

ನಾವಿಬ್ಬರೂ ಫ್ರೆಂಚ್ ದುಭಾಷಿಗಳು. ಪುಣೆಯ ಸದಾಶಿವ ಪೇಠೆಯಲ್ಲಿ ಒಂದೇ ಕೋಣೆ ಹಿಡಿದು ಮಕ್ಕಳಿಗೆ ಫ್ರೆಂಚ್ ಕಲಿಸುತ್ತೇವೆ, ಇಂಥ ಕೆಲಸ ಬಂದಾಗ ಕ್ಲಾಸಿಗೆ ರಜೆ ಕೊಟ್ಟು ಹೊರಡುತ್ತೇವೆ. ಒಬ್ಬರು ಮಾತಾಡುತ್ತಿರುವಾಗಲೇ ಇನ್ನೊಂದು ಭಾಷೆಯಲ್ಲಿ ಹೇಳುತ್ತ ಹೋಗುವುದು ತಲೆಯನ್ನು ಹಿಂಡುವ ಕೆಲಸ. ಇಪ್ಪತ್ತು ನಿಮಿಷ ನಾನು, ಇಪ್ಪತ್ತು ನಿಮಿಷ ಅವಳು ಎಂದು ಬದಲಾಯಿಸಿಕೊಳ್ಳುವುದು ರೂಢಿ. ಅರ್ಧ ಗಂಟೆ ದಾಟಿದರೆ ತಪ್ಪುಗಳು ಶುರುವಾಗುತ್ತವೆ. ಹೇಳುತ್ತಿರುವ ದುಭಾಷಿಗೆ ಆ ತಪ್ಪು ಗೊತ್ತಾಗುವುದೇ ಇಲ್ಲ, ಅದೇ ಅಪಾಯ. ಆ ದಿನವಂತೂ ನನ್ನ ಎದುರಿಗಿದ್ದದ್ದು ಇಡೀ ಒಂದು ಗ್ರಾಮಸಭೆ.

ಹೆದರಿಕೆ ಆಗಬೇಕಿತ್ತು. ನಿಜ ಹೇಳಬೇಕೆಂದರೆ ಖುಷಿಯಾಯಿತು. ಹಿಂದಿನ ಎರಡು ದಿನ ಪುಣೆಯ ಸಭಾಂಗಣದಲ್ಲಿ ಭಾಷಣಗಳನ್ನು ದಾಟಿಸಿ ದಾಟಿಸಿ ಬೇಸತ್ತಿದ್ದೆ. ಇವತ್ತು ಜನರ ಮಾತು.

ಬಂದಿದ್ದವರು ಆಫ್ರಿಕಾದ ಒಂದು ಸಣ್ಣ ದೇಶದ ಮೂವರು: ಒಬ್ಬ ಶಾಸಕಿ, ಇಬ್ಬರು ವಕೀಲರು. ಅವರ ದೇಶದಲ್ಲಿ ಬಹಳ ವರ್ಷ ಒಬ್ಬನೇ ಆಳಿದ್ದ. ಅವನು ಹೋದ ಮೇಲೆ ಹೊಸ ಶಾಸನಸಭೆ ಬಂದಿದೆ, ಹಳ್ಳಿಗಳ ಆಡಳಿತಕ್ಕೆ ಹೊಸ ಕಾನೂನು ಬರೆಯುತ್ತಿದ್ದಾರೆ. ಶಾಸಕಿ ಮೊದಲು ಪ್ರಾಥಮಿಕ ಶಾಲೆಯ ಶಿಕ್ಷಕಿಯಾಗಿದ್ದವರು. ಅವರ ಕರಡಿನಲ್ಲಿ ಒಂದು ಕಲಮು ಇತ್ತು: ಪ್ರತಿ ಗ್ರಾಮಸಭೆಗೆ ಮೊದಲು ಹಳ್ಳಿಯ ಹೆಂಗಸರ ಸಭೆ ಬೇರೆಯಾಗಿ ನಡೆಯಬೇಕು. ಮಹಾರಾಷ್ಟ್ರದ ಕಾನೂನಿನಲ್ಲಿ ಇರುವುದೂ ಅದೇ. ಅಲ್ಲಿಯ ವಿರೋಧಿಗಳು, ಇದೆಲ್ಲ ಕಾಗದದ ಆಟ, ಕಿತ್ತುಹಾಕಿ ಎನ್ನುತ್ತಿದ್ದರು. ಕರಡು ಇನ್ನೇನು ಮತಕ್ಕೆ ಬರಲಿತ್ತು. ನಿಜವಾಗಿ ನಡೆಯುತ್ತದೆಯೇ, ಕಣ್ಣಾರೆ ನೋಡಿ ಬರುತ್ತೇನೆ ಎಂದು ಶಾಸಕಿ ಹೊರಟುಬಂದಿದ್ದರು.

ಅವರನ್ನು ಕರೆತಂದದ್ದು ಯುರೋಪಿನ ಒಂದು ದೇಶದ ಸರ್ಕಾರ. ಬೇರೆ ದೇಶಗಳಲ್ಲಿ ಪ್ರಜಾಪ್ರಭುತ್ವ ಬೇರೂರಲಿ ಎಂದು ಆ ಸರ್ಕಾರದ ವಿದೇಶಾಂಗ ಇಲಾಖೆಯಲ್ಲಿ ಒಂದು ವಿಭಾಗವೇ ಇದೆ. ಅಲ್ಲಿಯ ಅಧಿಕಾರಿಯೊಬ್ಬ ಜೊತೆಗೇ ಬಂದಿದ್ದ, ನಲವತ್ತರ ಸುಮಾರಿನವನು, ಎತ್ತರ, ಬಿಸಿಲಿಗೆ ಕೆಂಪಾದ ಮೂಗು. ಇಲ್ಲಿ ಆತಿಥ್ಯ ವಹಿಸಿದವರು ಪುಣೆಯ ಒಂದು ಪಂಚಾಯತಿ ತರಬೇತಿ ಕೇಂದ್ರದ ಸಂಚಾಲಕರು. ಬೆಳಗಾವಿಯ ಕಡೆಯವರು, ಅರವತ್ತು ದಾಟಿದ್ದಾರೆ, ಹೆಂಗಸರ ಸಭೆಯ ನಿಯಮವನ್ನು ಹಳ್ಳಿಹಳ್ಳಿಗೂ ಕಲಿಸುತ್ತ ಆಯುಷ್ಯ ಸವೆಸಿದವರು.

ಆರು ಗಂಟೆಗೆ ವ್ಯಾನು ಹೊರಟಿತು. ಸೋಲಾಪುರ ಹೆದ್ದಾರಿಯಲ್ಲಿ ಇಂದಾಪುರದ ಕಡೆ ಮೂರು ತಾಸಿನ ಹಾದಿ. ನಾನು ಪುಸ್ತಕ ಬಿಡಿಸಿ ಪುಟದ ನಡುವೆ ಗೆರೆ ಎಳೆದೆ. ಎಡಕ್ಕೆ ಯಾರು ಹೇಳಿದರು, ಬಲಕ್ಕೆ ಏನು ಹೇಳಿದರು. ಪೂರ್ತಿ ವಾಕ್ಯ ಬರೆಯುವುದಿಲ್ಲ, ಗುರುತುಗಳು ಮಾತ್ರ: ಊರಿಗೆ ಒಂದು ಸೊನ್ನೆ, ನೀರಿಗೆ ಅಲೆ, ಒಪ್ಪಿಗೆಗೆ ಮೇಲೆ ಬಾಣ. ಠರಾವು, ನಡಾವಳಿ, ಕೋರಂ ಎಂಬ ಪದಗಳಿಗೆ ಫ್ರೆಂಚಿನಲ್ಲಿ ಏನು ಹೇಳಬೇಕೆಂದು ಹಿಂದಿನ ದಿನವೇ ವಕೀಲರ ಜೊತೆ ಕೂತು ಒಪ್ಪಿಸಿಕೊಂಡಿದ್ದೆ. ಕಿವಿಗೆ ಸಿಕ್ಕಿಸುವ ರಿಸೀವರುಗಳ ಬ್ಯಾಟರಿ ಒಂದೊಂದಾಗಿ ನೋಡಿದೆ. ನಾಲ್ಕರಲ್ಲಿ ಒಂದು ಸತ್ತಿತ್ತು. ಅಧಿಕಾರಿ ತನ್ನದನ್ನು ಬಿಚ್ಚಿ ಶಾಸಕಿಗೆ ಕೊಟ್ಟ, "ನಾನು ನಿಮ್ಮ ಪಕ್ಕ ಕೂತು ಕೇಳಿಸಿಕೊಳ್ಳುತ್ತೇನೆ" ಎಂದ.

ಭಿಗವಣದಲ್ಲಿ ಚಹಾಕ್ಕೆ ನಿಲ್ಲಿಸಿದಾಗ ಒಬ್ಬ ವಕೀಲ ಅವನನ್ನು ನೇರವಾಗಿಯೇ ಕೇಳಿದ: "ನಮ್ಮ ಹಳ್ಳಿಗಳು ಹೇಗೆ ನಡೆಯಬೇಕು ಅನ್ನುವುದರಲ್ಲಿ ನಿಮಗೇನು ಲಾಭ?"

ಅಧಿಕಾರಿ ಕಪ್ಪು ಕೆಳಗಿಟ್ಟ. "ನಮ್ಮ ಸಂಸತ್ತಿನಲ್ಲೂ ಇದನ್ನೇ ಕೇಳುತ್ತಾರೆ. ಪಕ್ಕದವರು ಶಾಂತವಾಗಿದ್ದರೆ ನಾವೂ ಶಾಂತವಾಗಿರುತ್ತೇವೆ ಅನ್ನುವುದು ಇಲಾಖೆಯ ಉತ್ತರ. ನನ್ನ ಉತ್ತರ ಬೇರೆ. ನನ್ನ ಅಜ್ಜಿಗೆ ಮತದ ಹಕ್ಕು ಬಂದಾಗ ಆಕೆಗೆ ನಲವತ್ತು ದಾಟಿತ್ತು. ಹಾಗಾಗಿ ಕಲಿಸುವ ಯೋಗ್ಯತೆ ನಮಗಿದೆ ಅಂತ ನನಗೆ ಅನ್ನಿಸುವುದಿಲ್ಲ. ಹೀಗೆ ಬರೆಯಿರಿ ಎಂದು ನಿಮಗೆ ಹೇಳುವ ಅಧಿಕಾರವೂ ನನಗಿಲ್ಲ. ಒಬ್ಬರು ಮಾಡಿದ್ದನ್ನು ಇನ್ನೊಬ್ಬರು ನೋಡುವ ಹಾಗೆ ವ್ಯಾನು ಗೊತ್ತುಮಾಡುವುದು, ಅಷ್ಟು ಮಾಡಬಲ್ಲೆ."

ಅದೇ ಹೊತ್ತಿಗೆ ಸಂಚಾಲಕರು ನನ್ನನ್ನು ಪಕ್ಕಕ್ಕೆ ಕರೆದರು.

"ಮೇಡಂ, ಒಂದ್ ಮಾತು. ಊರಾಗ ಏನರ ಹೆಚ್ಚುಕಮ್ಮಿ ಮಾತು ಬಂತಂದ್ರ ಸ್ವಲ್ಪ ಮೆತ್ತಗ ಹೇಳ್ರಿ. ಈ ಕಲಮು ಅಲ್ಲೆ ಉಳೀಬೇಕ್ರಿ. ಒಂದು ಊರಿನ ಸಣ್ಣ ತಪ್ಪಿಗೆ ಆ ದೇಶದ ಹೆಣ್ಣಮಕ್ಕಳ ಕೈ ತಪ್ಪಿ ಹೋಗಬಾರದು."

"ಸರ್, ಮೆತ್ತಗ ಹೇಳ್ಳಿಕ್ಕೆ ಬರ್ತದ್ರಿ. ಬ್ಯಾರೆ ಹೇಳ್ಳಿಕ್ಕೆ ಬರೂದಿಲ್ಲ."

ಅವರು ನಕ್ಕರು, ಆದರೆ ಮುಖದ ಚಿಂತೆ ಹೋಗಲಿಲ್ಲ. ನನ್ನದೂ ಹೋಗಲಿಲ್ಲ. ಅವರು ಹೇಳಿದ್ದರಲ್ಲಿ ಸುಳ್ಳೇನಿತ್ತು?

ಊರಿನಲ್ಲಿ ಶಾಲೆಯ ಅಂಗಳಕ್ಕೆ ಚಪ್ಪರ ಹಾಕಿದ್ದರು. ಗಂಡಸರಿಗೆ ಕುರ್ಚಿ, ಹೆಂಗಸರಿಗೆ ಜಮಖಾನೆ. ಸರಪಂಚರು, ಅಂದರೆ ಪಂಚಾಯತಿಯ ಅಧ್ಯಕ್ಷರು, ಐವತ್ತರ ಹೆಂಗಸು, ತಲೆಯ ಮೇಲೆ ಸೆರಗು, ಮಾತು ಕಡಿಮೆ. ಎಲ್ಲ ಓಡಾಟ ಗ್ರಾಮಸೇವಕರದು, ಅಂದರೆ ಪಂಚಾಯತಿಯ ಕಾಗದಪತ್ರ ನೋಡುವ ಸರ್ಕಾರಿ ನೌಕರರದು. ತೆಂಗಿನಕಾಯಿ, ಶಾಲು, ಹಾರ ಎಲ್ಲ ಆಯಿತು. ಇನ್ನೂ ಜನ ಸೇರುತ್ತಿದ್ದರು. ಕೋರಂ ತುಂಬುವ ತನಕ ಸಭೆ ಶುರುವಾಗುವಂತಿಲ್ಲ, ಹಾಗಾಗಿ ಅತಿಥಿಗಳಿಗೆ ಪಂಚಾಯತಿಯ ದಾಖಲೆ ಪುಸ್ತಕಗಳನ್ನು ತೋರಿಸಿದರು.

ನಾನು ಸಂಚಾಲಕರಿಗೆ ಕನ್ನಡದಲ್ಲಿ ಏನೋ ಕೇಳುತ್ತಿದ್ದೆ. ಜಮಖಾನೆಯ ಮೇಲಿಂದ ಒಬ್ಬಳು ತಲೆ ಎತ್ತಿದಳು.

"ಅಕ್ಕಾರ, ನೀವು ಕನ್ನಡದವರೇನ್ರಿ?"

"ಹೌದ್ರಿ, ಧಾರವಾಡ."

"ನನ್ನ ತವರಮನಿ ಇಂಡಿ ಹತ್ರರಿ. ಲಗ್ನ ಆಗಿ ಇಲ್ಲಿಗೆ ಬಂದು ಹದಿನಾರು ವರ್ಷ ಆತ್ರಿ. ಕನ್ನಡ ಕಿವಿಗೆ ಬೀಳೂದ ಅಪರೂಪ." ಆಕೆ ಪಂಚಾಯತಿ ಸದಸ್ಯೆಯಂತೆ, ಹೋದ ಚುನಾವಣೆಯಲ್ಲಿ ಆರಿಸಿಬಂದವಳು. ಮೂವತ್ತೈದು ಇರಬಹುದು. ಅಂಗೈ ತುಂಬ ಕಬ್ಬಿನ ಒಣಗರಿ ಗೀರಿದ ಗೆರೆಗಳು. ನಾನು ಅವಳ ಪಕ್ಕದಲ್ಲೇ ಕೂತೆ, ಶಾಸಕಿ ನನ್ನ ಇನ್ನೊಂದು ಪಕ್ಕ.

ಶಾಸಕಿ ಮೊದಲು ಕೇಳಿದ್ದು ಹೆಂಗಸರ ಸಭೆಯ ನಡಾವಳಿ ಪುಸ್ತಕ. ಗ್ರಾಮಸೇವಕರು ಹುರುಪಿನಿಂದ ಬಿಚ್ಚಿದರು. ನಿನ್ನೆ ಹನ್ನೊಂದು ಗಂಟೆಗೆ, ಇದೇ ಜಾಗದಲ್ಲಿ, ಸಭೆ ನಡೆದಿತ್ತು. ಕೆಳಗೆ ಸಹಿ, ಹೆಬ್ಬೆಟ್ಟು, ಎರಡು ಪುಟ ತುಂಬ. ಶಾಸಕಿ ಬೆರಳಿಟ್ಟು ಒಂದೊಂದನ್ನೂ ನೋಡಿದರು. ಹೋಂವರ್ಕ್ ನೋಡುವ ಟೀಚರಿನ ಕಣ್ಣು ಅದು.

"ನಿನ್ನೆ ಹೆಂಗಸರು ಏನೇನು ಕೇಳಿದರು?"

ನಾನು ಮರಾಠಿಗೆ ದಾಟಿಸಿದೆ. ಸರಪಂಚರು ಗ್ರಾಮಸೇವಕರ ಮುಖ ನೋಡಿದರು. "ನೀರು, ಸ್ವಚ್ಛತೆ, ಹೆಂಗಸರ ಬಚತ್ ಗಟದ ಸಾಲ-ಉಳಿತಾಯ" ಎಂದರು ಗ್ರಾಮಸೇವಕರು. ನಾನು ಅದನ್ನೂ ದಾಟಿಸಿದೆ.

ಆಗ ಇಂಡಿಯವಳು ನೆಲ ನೋಡುತ್ತ, ತುಟಿ ಅಲ್ಲಾಡದ ಹಾಗೆ ಕನ್ನಡದಲ್ಲಿ ಹೇಳಿದಳು: "ಅಕ್ಕಾರ, ಆ ಸಭಾ ಆಗೇ ಇಲ್ರಿ. ಸಂಜೀ ಮುಂದ ಪಂಚಾಯತಿ ಶಿಪಾಯಿ ಪುಸ್ತಕ ತಗೊಂಡು ಮನಿಮನಿಗೆ ಬಂದಿದ್ದ."

ನನ್ನ ಪೆನ್ನು ಅಲ್ಲೇ ನಿಂತಿತು.

"ಏನು ಹೇಳ್ತಾ ಇದ್ದಾಳೆ ಅವಳು?" ಗ್ರಾಮಸೇವಕರು ಮರಾಠಿಯಲ್ಲಿ ಕೇಳಿದರು. ಅದೇ ಕ್ಷಣ ಶಾಸಕಿ ಫ್ರೆಂಚಿನಲ್ಲಿ ಅದನ್ನೇ ಕೇಳಿದರು. ಚಪ್ಪರದಡಿ ಕನ್ನಡ ತಿಳಿಯುವವರು ನಾವು ಮೂವರು. ಸಂಚಾಲಕರು ಅಷ್ಟು ದೂರದಲ್ಲಿ ಕೂತಿದ್ದರು, ಅವರಿಗೆ ಕೇಳಿಸಿದ್ದಿಲ್ಲ, ಆದರೆ ನನ್ನ ಮುಖ ನೋಡಿಯೇ ಏನೋ ಎಡವಟ್ಟಾಗಿದೆ ಎಂದು ತಿಳಿದುಕೊಂಡರು.

ನಮ್ಮ ಕೆಲಸದ ಮೊದಲ ನಿಯಮ, ಸಭೆಯಲ್ಲಿ ಆಡಿದ್ದನ್ನೆಲ್ಲ ದಾಟಿಸಬೇಕು. ಆದರೆ ಇವಳು ಆಡಿದ್ದು ಸಭೆಗೋ, ನನಗೋ? ದಾಟಿಸಿದರೆ ನಾವು ಸಂಜೆ ಪುಣೆ ಸೇರುತ್ತೇವೆ, ಇವಳು ನಾಳೆಯೂ ಇದೇ ಊರಿನಲ್ಲಿ ಇರಬೇಕು. ಏನೂ ಇಲ್ಲ, ಊರಿನ ಸುದ್ದಿ ಮಾತಾಡಿದೆವು ಎಂದುಬಿಟ್ಟರೆ ನನ್ನ ಬಾಯಿಂದ ಹೊರಟದ್ದು ಸುಳ್ಳಾಗುತ್ತದೆ, ಅದನ್ನು ನಂಬಿ ಒಂದು ದೇಶ ಕಾನೂನು ಬರೆಯುತ್ತದೆ. ಯೋಚಿಸಲು ನನಗಿದ್ದದ್ದು ಎರಡು ಉಸಿರಿನಷ್ಟು ಹೊತ್ತು.

ಮೈಕು ಎತ್ತಿಕೊಂಡು ಮೊದಲು ಮರಾಠಿಯಲ್ಲಿ, ಆಮೇಲೆ ಫ್ರೆಂಚಿನಲ್ಲಿ ಹೇಳಿದೆ: "ಸದಸ್ಯೆಯವರು ನನಗೆ ಕನ್ನಡದಲ್ಲಿ ಒಂದು ಮಾತು ಹೇಳಿದ್ದಾರೆ. ಅದು ಸಭೆಗೆ ಹೇಳಿದ್ದೋ ನನಗೆ ಮಾತ್ರ ಹೇಳಿದ್ದೋ, ಅವರನ್ನೇ ಕೇಳುತ್ತೇನೆ." ಆಮೇಲೆ ಅವಳ ಕಡೆ ತಿರುಗಿದೆ. "ತಂಗಿ, ಸಭಾಕ್ಕ ಹೇಳೂದಿದ್ರ ಹೇಳ್ರಿ, ಒಂದ್ ಅಕ್ಷರ ಬಿಡದ ದಾಟಸ್ತೀನಿ. ಬ್ಯಾಡ ಅಂದ್ರ ನನ್ನ ಹತ್ರನ ಇರ್ತದ, ಯಾರಿಗೂ ಹೇಳೂದಿಲ್ಲ."

ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು. ಸರಪಂಚರನ್ನು ನೋಡಿದಳು. ಆಮೇಲೆ ಎದ್ದು ನಿಂತಳು.

ಮಾತಾಡಿದ್ದು ಮರಾಠಿಯಲ್ಲಿ, ಕೊನೆಯ ಕುರ್ಚಿಗೂ ಕೇಳಿಸುವ ಹಾಗೆ. "ನಿನ್ನೆ ಹೆಂಗಸರ ಸಭೆ ಆಗಿಲ್ಲ. ಪುಸ್ತಕ ಮನೆಗೆ ಬಂತು, ನಾವು ಸಹಿ ಹಾಕಿದೆವು. ನಾನೂ ಹಾಕಿದ್ದೇನೆ. ಏನು ಬರೆದಿದೆ ಅಂತ ಓದಲಿಲ್ಲ. ತಪ್ಪು ನನ್ನದೂ ಇದೆ. ಆದರೆ ಇಷ್ಟು ದೂರದಿಂದ ಬಂದವರಿಗೆ ಆಗಿದೆ ಅಂತ ಹೇಳುವುದು ನನ್ನಿಂದ ಆಗುವುದಿಲ್ಲ."

ಅವಳ ಒಂದೊಂದು ವಾಕ್ಯದ ಬೆನ್ನಿಗೇ ನಾನು ಮೂರು ಕಿವಿಗಳಿಗೆ ಫ್ರೆಂಚಿನಲ್ಲಿ ಪಿಸುಗುಟ್ಟುತ್ತಿದ್ದೆ. ದುಭಾಷಿ ಯಾವಾಗಲೂ "ನಾನು" ಎಂದೇ ಹೇಳಬೇಕು, "ಅವಳು ಹೇಳುತ್ತಾಳೆ" ಎನ್ನುವಂತಿಲ್ಲ. ತಪ್ಪು ನನ್ನದೂ ಇದೆ ಎಂದು ನನ್ನ ಬಾಯಿಂದ ಹೇಳುವಾಗ ದನಿ ನಡುಗಿತು. ಇಷ್ಟು ವರ್ಷಗಳಲ್ಲಿ ಹಾಗಾದದ್ದು ಅದೇ ಮೊದಲು.

ಕುರ್ಚಿಗಳ ಕಡೆಯಿಂದ ಗದ್ದಲ ಎದ್ದಿತು. ಊರಿನ ಮರ್ಯಾದೆ ಕಳೆದಳು ಎಂದರು ಒಬ್ಬರು. ಇವಳು ಈ ಊರಿನವಳೇ ಅಲ್ಲ ಎಂದರು ಇನ್ನೊಬ್ಬರು. ನಾನು ಅದನ್ನೂ ದಾಟಿಸಿದೆ. ಆಗ ಸರಪಂಚರು ಮೊದಲ ಬಾರಿ ಬಾಯಿ ತೆರೆದರು. "ನನ್ನ ಸಹಿ ಎಲ್ಲರಿಗಿಂತ ಮೇಲಿದೆ. ಅವಳು ಹೇಳಿದ್ದು ಖರೆ. ಹೆಂಗಸರ ಸಭೆ ಈಗ ಮಾಡೋಣ."

"ಈಗ ಹೇಗಾಗುತ್ತೆ, ತಾಯಿ?" ಎಂದರು ಗ್ರಾಮಸೇವಕರು. "ಅದು ಹಿಂದಿನ ದಿನವೇ ಆಗಬೇಕು."

ಸಂಚಾಲಕರು ಎದ್ದು ನಿಂತರು. ಮೆತ್ತಗೆ ಹೇಳಿ ಎಂದು ಬೆಳಿಗ್ಗೆ ಬೇಡಿಕೊಂಡಿದ್ದವರು ಅವರೇ. ಚೀಲದಿಂದ ಅಂಚು ಸವೆದ ಕಾನೂನಿನ ಪುಸ್ತಕ ತೆಗೆದರು. "ಗ್ರಾಮಸಭೆಗೆ ಮೊದಲು ಅಂತ ಇದೆ. ಹಿಂದಿನ ದಿನ ಅಂತ ಎಲ್ಲಿದೆ, ತೋರಿಸಿ. ಇವತ್ತಿನ ಗ್ರಾಮಸಭೆ ಶುರುವಾಗಿದೆಯೇ? ಕೋರಂ ಎಣಿಸಿದಿರೇ? ಅಧ್ಯಕ್ಷರು ಸಭೆ ತೆರೆದರೇ? ಇಲ್ಲ ತಾನೇ. ಹಾಗಾದರೆ ಇನ್ನೂ ಮೊದಲೇ ಇದ್ದೇವೆ."

ಆ ಮಾತನ್ನು ಫ್ರೆಂಚಿಗೆ ದಾಟಿಸುವಾಗ ನನಗೆ ನಗು ತಡೆಯಲಾಗಲಿಲ್ಲ. ಇಬ್ಬರು ವಕೀಲರೂ ಒಟ್ಟಿಗೇ ಬರೆದುಕೊಂಡರು.

ಶಿಪಾಯಿ ಧ್ವನಿವರ್ಧಕ ಕಟ್ಟಿದ ಬೈಕಿನಲ್ಲಿ ಊರು ಸುತ್ತಿ ಬಂದ. ಹೊಲದಿಂದ, ಮನೆಗಳಿಂದ ಹೆಂಗಸರು ಬರತೊಡಗಿದರು. ಕೆಲವರ ಕೈಯಲ್ಲಿ ಇನ್ನೂ ಕುಡುಗೋಲು. ಗಂಡಸರನ್ನೆಲ್ಲ ಅಂಗಳದ ಆಚೆ ಬೇವಿನ ಮರದ ಕೆಳಗೆ ಕಳಿಸಿದರು. ಗ್ರಾಮಸೇವಕರು ಹೋದರು, ಸಂಚಾಲಕರು ಹೋದರು, ವಕೀಲರು ಹೋದರು. ಯುರೋಪಿನ ಅಧಿಕಾರಿ ಇನ್ನೂ ಪೆನ್ನು ಹಿಡಿದು ಕೂತಿದ್ದ. ಒಬ್ಬ ಮುದುಕಿ ಅವನ ಹೆಗಲು ತಟ್ಟಿ ಮರದ ಕಡೆ ಕೈ ತೋರಿಸಿದಳು. ಅದನ್ನು ದಾಟಿಸುವ ಅಗತ್ಯ ಬೀಳಲಿಲ್ಲ.

ನಡಾವಳಿ ಬರೆಯಲು ಅಂಗನವಾಡಿ ಸೇವಕಿ ಕೂತಳು. ಒಳಗೆ ನಾನು, ಶಾಸಕಿ, ಮತ್ತು ನಮ್ಮ ಸುತ್ತ ಊರಿನ ಹೆಂಗಸರು. ಇನ್ನು ಮುಂದಿನ ಒಂದೂವರೆ ತಾಸು ನಾನು ಉಸಿರಾಡಿದೆನೋ ಇಲ್ಲವೋ ನೆನಪಿಲ್ಲ. ನಾಲ್ಕು ಜನ ಒಮ್ಮೆಲೇ ಮಾತಾಡುತ್ತಿದ್ದರು. ಮೊದಲು ಒಬ್ಬೊಬ್ಬರ ಕಡೆ ಬೆರಳು ತೋರಿಸಿ ದಾಟಿಸಿದೆ, ಆಮೇಲೆ ತೀರಾ ಮುಖ್ಯವಾದದ್ದನ್ನು ಮಾತ್ರ ಹಿಡಿದೆ. ಪುಸ್ತಕದ ಗುರುತುಗಳು ಒಂದರ ಮೇಲೊಂದು ಬಿದ್ದವು. ಗಂಟಲು ಒಣಗಿ ಕೆಮ್ಮು ಬಂದಾಗ ಇಂಡಿಯವಳು ತಂಬಿಗೆ ಮುಂದೆ ಹಿಡಿದಳು. "ನೀರು ಕುಡೀರಿ ಮೊದಲ. ಇವರೇನ್ ಓಡಿ ಹೋಗೂದಿಲ್ಲ."

ಮುಖ್ಯ ವಿಷಯ ಒಂದೇ ಆಗಿ ಉಳಿಯಿತು. ಆ ವರ್ಷದ ಯೋಜನೆಯಲ್ಲಿ ಊರ ಬಾಗಿಲಿಗೆ ಒಂದು ಸ್ವಾಗತ ಕಮಾನು ಇತ್ತು. ಶಾಲೆಯ ಹೆಣ್ಣುಮಕ್ಕಳ ಶೌಚಾಲಯಕ್ಕೆ ಬಾಗಿಲಿರಲಿಲ್ಲ, ನಲ್ಲಿಯಲ್ಲಿ ನೀರಿರಲಿಲ್ಲ. ದೊಡ್ಡ ಹುಡುಗಿಯರು ತಿಂಗಳಿಗೆ ಇಷ್ಟು ದಿನ ಶಾಲೆಗೇ ಬರುವುದಿಲ್ಲ ಎಂದು ಅಂಗನವಾಡಿ ಸೇವಕಿ ಬರೆಯುವುದನ್ನು ನಿಲ್ಲಿಸಿ ಹೇಳಿದಳು. ಕಮಾನು ಬಿಡಿ, ಮೊದಲು ಇದು ಆಗಲಿ ಎಂಬ ಮಾತು ಎದ್ದಿತು. ಎದ್ದ ಕೂಡಲೇ ಎಲ್ಲರ ಕಣ್ಣೂ ಸರಪಂಚರ ಕಡೆ ತಿರುಗಿತು. ಆ ಕಮಾನು ಸರಪಂಚರ ತೀರಿಹೋದ ಮಾವನವರ ಹೆಸರಿನದು.

ಸರಪಂಚರು ತಲೆಯ ಮೇಲಿನ ಸೆರಗು ಸರಿಮಾಡಿಕೊಂಡರು. "ನಾನು ಇದಕ್ಕೆ ಕೈ ಎತ್ತಲಾರೆ. ಮನೆಗೆ ಹೋಗಬೇಕಲ್ಲ. ಆದರೆ ನೀವು ಎತ್ತಿದರೆ ಬೇಡ ಅನ್ನುವುದೂ ಇಲ್ಲ" ಎಂದರು.

ಶಾಸಕಿ ನನ್ನ ಮಣಿಕಟ್ಟು ಹಿಡಿದರು. "ಇದನ್ನು ಹಾಗೇ ಹೇಳಿದಿರಾ? ಅವರು ಹೇಳಿದ ಹಾಗೇ?"

"ಹಾಗೇ ಹೇಳಿದೆ."

ಕೈಗಳು ಎದ್ದವು. ಮೊದಲು ನಾಲ್ಕು, ಆಮೇಲೆ ಹತ್ತು, ಆಮೇಲೆ ಎಣಿಸಲಾರದಷ್ಟು.

ಅದರ ಬೆನ್ನಿಗೇ ಗ್ರಾಮಸಭೆ. ಕೋರಂ ಎಣಿಸಿದರು, ತುಂಬಿತ್ತು. ಹೆಂಗಸರ ನಡಾವಳಿಯನ್ನು ಇಂಡಿಯವಳೇ ಎದ್ದು ನಿಂತು ಓದಿದಳು, ಅಲ್ಲಲ್ಲಿ ತಡವರಿಸುತ್ತ. ಕಮಾನಿನ ಮಾತಿಗೆ ಕುರ್ಚಿಗಳು ಸಿಡಿದೆದ್ದವು. ವಾದ ಅರ್ಧ ತಾಸು ನಡೆಯಿತು, ನನ್ನ ದನಿ ಒಡೆದು ಗೊಗ್ಗರಾಯಿತು. ಕೈ ಎತ್ತಿಸಿದರು. ಲೆಕ್ಕ ತಪ್ಪಿತು. ಪರವಾದವರು ಗೋಡೆಯ ಕಡೆ, ವಿರೋಧ ಇದ್ದವರು ಚಪ್ಪರದ ಕಡೆ ನಿಲ್ಲಿ ಎಂದರು ಸರಪಂಚರು. ಜನ ಎದ್ದು ನಡೆದರು. ಗಂಡಸರ ಸಾಲಿನಿಂದ ಒಬ್ಬ ರೈತ, ಆಮೇಲೆ ಇನ್ನಿಬ್ಬರು ಗೋಡೆಯ ಕಡೆ ಬಂದರು. ಇಬ್ಬರು ಹೆಂಗಸರು ಗಂಡಂದಿರನ್ನು ನೋಡಿ ಚಪ್ಪರದ ಕಡೆ ಹೋದರು. ಗ್ರಾಮಸೇವಕರು ಎಣಿಸುತ್ತಿದ್ದಂತೆ ನಾನು ಫ್ರೆಂಚಿನಲ್ಲಿ ಅಂಕಿ ಹೇಳುತ್ತ ಹೋದೆ. ಶಾಸಕಿ ನನ್ನ ಜೊತೆ ತುಟಿ ಅಲ್ಲಾಡಿಸುತ್ತಿದ್ದರು. ಗೋಡೆಯ ಕಡೆ ಒಂಬತ್ತು ಜನ ಹೆಚ್ಚು.

ಠರಾವು ಪಾಸಾಯಿತು. ಗ್ರಾಮಸೇವಕರೇ ಅದನ್ನು ನೀಟಾದ ಅಕ್ಷರದಲ್ಲಿ ಬರೆದರು. ಹಿಂದಿನ ದಿನದ ಎರಡು ಪುಟಗಳಿಗೆ ಅಡ್ಡಗೆರೆ ಎಳೆದು "ಈ ಸಭೆ ನಡೆದಿಲ್ಲ" ಎಂದು ಸರಪಂಚರು ತಮ್ಮ ಕೈಯಾರೆ ಸಹಿ ಹಾಕಿದರು.

ಪುಣೆಗೆ ಮರಳುವಾಗ ನನಗೆ ಮಾತಾಡಲು ದನಿಯೇ ಇರಲಿಲ್ಲ, ಒಳಗಿನ ಉಬ್ಬರ ಮಾತ್ರ ಇಳಿದಿರಲಿಲ್ಲ. ಅಧಿಕಾರಿ ಲ್ಯಾಪ್‌ಟಾಪ್ ತೆರೆದ. ಕಾರ್ಯಕ್ರಮದ ಪಟ್ಟಿಯಲ್ಲಿ ಆ ದಿನಕ್ಕೆ "ಮಾದರಿ ಗ್ರಾಮಸಭೆಯ ವೀಕ್ಷಣೆ" ಎಂದಿತ್ತು. ಅವನು "ಮಾದರಿ" ಎಂಬ ಪದವನ್ನು ಅಳಿಸಿದ, ಅಲ್ಲಿ ಬೇರೇನೂ ಹಾಕಲಿಲ್ಲ.

ಸಂಚಾಲಕರೇ ಶಾಸಕಿಯನ್ನು ಕೇಳಿದರು: "ಇನ್ನು ಆ ಕಲಮನ್ನು ಕೈಬಿಡುತ್ತೀರಾ?" ಬೆಳಗಿನಿಂದ ಅವರನ್ನು ತಿನ್ನುತ್ತಿದ್ದ ಪ್ರಶ್ನೆ ಅದು. ನಾನು ಉಳಿದ ಪಿಸುದನಿಯಲ್ಲಿ ದಾಟಿಸಿದೆ.

"ಸಭೆ ನಡೆಯುತ್ತದೆಯೇ ಎಂದು ತಿಳಿಯಲು ಬಂದಿದ್ದೆ" ಎಂದರು ಶಾಸಕಿ. "ನಡೆಯಲಿಲ್ಲವೆಂದರೆ ಅದನ್ನು ಯಾರು, ಎಲ್ಲಿ ಎದ್ದು ಹೇಳಬಹುದು ಎಂದು ನಾನು ಕೇಳಿಕೊಂಡೇ ಇರಲಿಲ್ಲ. ಕಲಮು ಇರುತ್ತದೆ. ಅದಕ್ಕೆ ಹಲ್ಲು ಬೇಕು."

ಕೆಲವು ವಾರಗಳ ನಂತರ ಅವರ ಇಮೇಲ್ ಬಂತು. ಕರಡು ತಿದ್ದಿದ್ದರು, ನಮ್ಮ ಕಡೆಯ ಪದಗಳನ್ನು ಸರಿಯಾಗಿ ಬಳಸಿದ್ದೇನೆಯೇ ನೋಡಿ ಎಂದು ಕೇಳಿದ್ದರು. ಹೊಸ ಸಾಲು ಹೀಗಿತ್ತು: ಹೆಂಗಸರ ಸಭೆಯ ನಡಾವಳಿಯನ್ನು ಅದರಲ್ಲಿ ಹಾಜರಿದ್ದ ಹೆಂಗಸೊಬ್ಬಳು ಗ್ರಾಮಸಭೆಗೆ ಸೇರಿದ ಜನರ ಎದುರು ಎದ್ದು ನಿಂತು ಓದತಕ್ಕದ್ದು, ಅಲ್ಲಿಯವರೆಗೆ ಗ್ರಾಮಸಭೆ ಆರಂಭವಾಗತಕ್ಕದ್ದಲ್ಲ.

ನಾನು ಇಂಡಿಯವಳಿಗೆ ಫೋನು ಹಚ್ಚಿ ಆ ಸಾಲನ್ನು ಕನ್ನಡದಲ್ಲಿ ಓದಿದೆ. ಇನ್ನೊಮ್ಮೆ ಓದ್ರಿ ಎಂದಳು. ಓದಿದೆ.

"ಅಕ್ಕಾರ, ಓದಾಕ ಬರದಾಕಿ ಇದ್ರ ಏನ್ ಮಾಡೂದ್ರಿ? ಅಂಥಾಕಿ ಬಾಯಿಲೆ ಹೇಳಿದ್ರ ನಡೀಬೇಕಲ್ರಿ. ಇಲ್ಲಂದ್ರ ಓದಾಕ ಅಂತ ಮತ್ತ ಯಾರದರ ಗಂಡನ್ನ ಕರಕೊಂಡ ಬರ್ತಾರ."

ಫೋನು ಇಟ್ಟವಳೇ ಅದನ್ನು ಫ್ರೆಂಚಿನಲ್ಲಿ ಟೈಪು ಮಾಡಿ ಕಳಿಸಿದೆ, ಯಾರ ಮಾತು ಎಂದೂ ಬರೆದೆ. ಮರುದಿನ ಬೆಳಿಗ್ಗೆ ಕ್ಲಾಸಿಗೆ ಹೊರಡುವ ಹೊತ್ತಿಗೆ ಉತ್ತರ ಬಂದಿತ್ತು. "ಓದತಕ್ಕದ್ದು" ಇದ್ದಲ್ಲಿ ಈಗ "ಓದತಕ್ಕದ್ದು ಅಥವಾ ಹೇಳತಕ್ಕದ್ದು" ಎಂದಿತ್ತು. ಕೆಳಗೆ ಒಂದೇ ಸಾಲು: "ಅವರಿಗೆ ತಿಳಿಸಿ."

ಮೆಟ್ಟಿಲ ಮೇಲೆಯೇ ನಿಂತು ಫೋನು ಮಾಡಿದೆ. ಅವಳು ಹೊಲದಲ್ಲಿದ್ದಳು, ಹಿಂದೆ ಟ್ರ್ಯಾಕ್ಟರಿನ ಸದ್ದು. ವಿಷಯ ಹೇಳಿದೆ.

"ನಾ ಅಂದದ್ದು ಅವರ ಕಾಯ್ದಾದಾಗ ಬರದಾರೇನ್ರಿ?"

"ಬರದಾರ. ಇನ್ನ ಮತಕ್ಕ ಹೋಗಬೇಕು. ಪಾಸಾಗ್ತದೋ ಇಲ್ಲೋ ಗೊತ್ತಿಲ್ಲ."

"ಆಗ್ಲಿ ಬಿಡ್ರಿ, ನೋಡೂಣು" ಎಂದಳು. "ನಾಡದು ನಮ್ಮ ಹೆಣ್ಣಮಕ್ಕಳ ಸಭಾ ಅದ. ಈ ಸಲ ಪುಸ್ತಕ ಮನಿಮನಿಗೆ ಬರೂದಿಲ್ಲ, ನನ್ನ ಹತ್ರನ ಇಟ್ಕೊಂಡೀನಿ."